ಎಡೆಗಿಟ್ಟ ಆಟ

ಫ್ಯಾನು ಗುಂಯ್ ಅನ್ನುತ್ತಿದೆ, ತಲೆಯ ಮೇಲಿನದಲ್ಲ, ಈ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನದು, ಎಡಗಡೆಯ ಸಂದಿಗೆ ಬೆರಳು ಹಿಡಿದರೆ ಬಿಸಿಗಾಳಿ, ಮತ್ತೆ ಆ ಹಾಡು — ಇದಲ್ಲ, ಇದು ಅದಲ್ಲ, ಇಷ್ಟು ಓಡುವ ಹಾಡು ಈ ಮನೆಯಲ್ಲಿ ಇರಲಿಲ್ಲ, ಇದು ಯಾರದೋ ಮನೆಯ ಹಾಡು, ಗಂಟಿನಪ್ಪ ಆಗಲೇ ಸೇತುವೆ ದಾಟಿಬಿಟ್ಟ, ಮುಂದಕ್ಕೆ ಹೋಗುವ ಕೀಲಿಯ ಮೇಲೆ ಬೆರಳಿಟ್ಟದ್ದೇ ತಡ, ಪಟಪಟ ಕಾಲಿಟ್ಟು ಆಚೆ ದಡಕ್ಕೆ ಹೋಗಿ ನಿಂತ, ಅವನು ಹಾಗೆ ನಡೆಯುವವನೇ ಅಲ್ಲ. ಗಂಟಿನಪ್ಪ ಅನ್ನುವುದು ನನ್ನ ಗಂಡ ಶರಣು ಇಟ್ಟ ಹೆಸರು, ಆಟದಲ್ಲಿರುವ ಮುದುಕನಿಗೆ, ಬೆನ್ನ ಮೇಲೆ ಬಟ್ಟೆಯ ಗಂಟು ಹೊತ್ತು ಬೆಟ್ಟ ಹತ್ತಿ ಹೊಳೆ ದಾಟಿ ಎಲ್ಲಿಗೋ ಹೋಗುತ್ತಿರುತ್ತಾನೆ, ಯಾಕೆ ಹೋಗುತ್ತಾನೆ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ, ಅಕ್ಷರವೆಲ್ಲ ಜಪಾನಿನದು. ಟಿವಿಗೆ ಹಚ್ಚಿ ಆಡುವ ಪೆಟ್ಟಿಗೆಯ ಹಳೇ ಆಟ, ಆ ಪೆಟ್ಟಿಗೆ ಹೊನ್ನಾಳಿಯಲ್ಲಿ ಯಾರ ಮನೆಯಲ್ಲೂ ಇದ್ದಂತಿಲ್ಲ, ಈ ಲ್ಯಾಪ್‌ಟಾಪಿನೊಳಗೆ ಒಂದು ಪ್ರೋಗ್ರಾಂ, ಎಮ್ಯುಲೇಟರ್, ನಾನೇ ಆ ಪೆಟ್ಟಿಗೆ ಅಂತ ಆಟಕ್ಕೆ ಸುಳ್ಳು ಹೇಳುತ್ತದೆ, ಆಟ ನಂಬುತ್ತದೆ, ನಂಬಿ ಓಡುತ್ತದೆ. ಅಡುಗೆಮನೆಯಿಂದ ಅತ್ತೆ, ಏನವ್ವ ಅಕ್ಷಿತಾ ಅದು, ಮದ್ವಿ ಬ್ಯಾಂಡಿನಂಗೆ, ಸಣ್ಣಕಾದ್ರೂ ಮಾಡು, ರೊಟ್ಟಿ ಹರೀತಾವೆ ನಂಗೆ. ಸಣ್ಣಕೆ ಮಾಡಿದರೆ ಆಗುವುದಿಲ್ಲ, ನನಗೆ ನಿಧಾನ ಬೇಕು, ಅವನ ನಿಧಾನ, ಒಂದು ಸಲ ಕೇಳಿಬಿಟ್ಟರೆ ಸಾಕು, ಮಧ್ಯಾಹ್ನದ ಬಸ್ಸಿಗೆ ನ್ಯಾಮತಿಯಿಂದ ಪೂಜೆ ಮಾಡಿಸಿದ ಅಯ್ಯನವರು ಬರುತ್ತಾರೆ, ರೊಟ್ಟಿ ಉಂಡು ಇದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ.

ಮುಚ್ಚಳದ ಮೇಲೆ ವಿಭೂತಿ, ಮೂರು ಬೆರಳಿನ ಗೆರೆ, ಒರೆಸಿಲ್ಲ, ಒರೆಸುವುದು ಸರಿಯೋ ತಪ್ಪೋ ಗೊತ್ತಿಲ್ಲ. ಶರಣುವಿನ ಶಿವಗಣಾರಾಧನೆಯ ದಿನ ಬಳಿದದ್ದು. ಹೋದವರಿಗೆ ಇಷ್ಟವಾದದ್ದೆಲ್ಲ ಫೋಟೋ ಮುಂದೆ ಎಡೆ ಇಡಬೇಕು, ಒಂದೂ ಕೊರತೆ ಉಳಿಯಬಾರದು, ಹೋಳಿಗೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಶೇಂಗಾ ಚಟ್ನಿ, ಹೊಸ ಅಂಗಿ ಪ್ಯಾಂಟು, ಅತ್ತೆ ಒಂದೊಂದೇ ನೆನೆಸಿಕೊಂಡು ಇಡಿಸುತ್ತಿದ್ದರು, ಇಟ್ಟು ಇಟ್ಟು ಒಂದು ಕ್ಷಣ ನಿಂತು, ಅವನ ಆಟನೂ ತರ್ರಿ, ಅದಿಲ್ದೆ ಅವ ಉಣ್ಣಾಕೆ ಕುಂದ್ರಲ್ಲ, ಅಂದರು, ಕುಂತವರು ನಕ್ಕರು, ನಕ್ಕವರೇ ಸೆರಗು ಬಾಯಿಗಿಟ್ಟುಕೊಂಡರು. ನಾನು ಕಂಬಕ್ಕೆ ಒರಗಿ ಕುಂತಿದ್ದೆ, ನನ್ನ ಕಾಲ ಬೆರಳನ್ನೇ ನೋಡುತ್ತಿದ್ದೆ, ಬೆರಳು ನನ್ನದೇ ಅಂತ ಅನ್ನಿಸುತ್ತಿರಲಿಲ್ಲ. ಲ್ಯಾಪ್‌ಟಾಪು ಬಂತು, ಹೋಳಿಗೆಯ ತಟ್ಟೆ ಸರಿಸಿ ಜಾಗ ಮಾಡಿದರು, ಆಗ ಉಚ್ಚಂಗೆಪ್ಪ ಎದ್ದ. ಶರಣುವಿನ ಐಟಿಐ ಗೆಳೆಯ, ಜಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ನಮ್ಮೂರವನು, ನನ್ನನ್ನು ಈ ಮನೆಗೆ ತೋರಿಸಿದವನೂ ಅವನೇ, ಇದನ್ನು ಸೆಕೆಂಡ್ ಹ್ಯಾಂಡಿಗೆ ಕೊಟ್ಟವನೂ ಅವನೇ. ಮುಚ್ಚಿ ಇಟ್ರೆ ಏನ್ ಬಂತಮ್ಮಾ, ಹಚ್ಚಿ ಇಡ್ತೀನಿ ತಡೀರಿ, ಅಂದ. ಹಚ್ಚಿದ. ಹಾಡು ಎಳೆದುಕೊಂಡು ಎಳೆದುಕೊಂಡು ಬಂತು, ಗಂಟಿನಪ್ಪ ಕಾಲು ಎತ್ತಿದ, ಇಡಲಿಲ್ಲ, ಆಮೇಲೆ ಇಟ್ಟ. ಥೂ ಇದನ್ನ ಇನ್ನೂ ಹಿಂಗೇ ಇಟ್ಕಂಡಿದ್ನೇನು ಈ ಮುಂಡೇದು, ಇವತ್ತೊಂದಿನ ಆದ್ರೂ ಚೆನ್ನಾಗಿ ಓಡ್ಲಿ, ಹಳಸಿದ ಅನ್ನ ಯಾರಾದ್ರೂ ಎಡೆಗೆ ಇಡ್ತಾರಾ, ಅಂತ ಹೇಳಿ, ಕಣ್ಣೊರೆಸಿಕೊಂಡು, ಅಲ್ಲೇ ಕುಕ್ಕರಗಾಲಲ್ಲಿ ಕುಂತು ಏನೇನೋ ಒತ್ತಿದ, ಆರಿಸಿದ, ಮತ್ತೆ ಹಚ್ಚಿದ, ಕೀಲಿ ಟಕಟಕ ಬಡಿದ. ಹಾಡು ಓಡಿತು. ಎಲ್ಲರೂ ಅಬ್ಬಾ ಅಂದರು. ಫೋಟೋದಲ್ಲಿ ಶರಣು ಆಧಾರ್ ಕಾರ್ಡಿಗೆ ತೆಗೆಸಿದ ಮುಖ ಇಟ್ಟುಕೊಂಡು ನೋಡುತ್ತಿದ್ದ.

ಎಡೆಗಿಟ್ಟದ್ದು ಮನೆಗೆ ವಾಪಸ್ ಬರಬಾರದು. ಊಟ ಬಂದವರಿಗೆ, ಬಟ್ಟೆ ಕೊಡೆ ಚಪ್ಪಲಿ ಅಯ್ಯನವರಿಗೆ, ಅದು ಸರಿ, ಇದು? ನಂಗ್ಯಾಕವ್ವ ಇದು, ಫೋನ್ ಬಂದ್ರೆ ಹಸ್ರು ಒತ್ಬೇಕೋ ಕೆಂಪು ಒತ್ಬೇಕೋ ಅಂತ ಒದ್ದಾಡೋನು ನಾನು, ಅಂತ ಅಯ್ಯನವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಬ್ಯಾಡ ಅನ್ಬ್ಯಾಡ್ರಿ ಅಯ್ಯಾರೆ, ನೀವು ಒಯ್ಲಿಲ್ಲಾಂದ್ರೆ ಅವನ್ದು ಅವನಿಗೆ ಮುಟ್ಟಲ್ಲ, ಅಂತ ಅತ್ತೆ. ಕೊನೆಗೆ ಮೊಮ್ಮಗಳು ರೂಪಶ್ರೀ ಚನ್ನಗಿರಿ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ ಅಂತ ನೆನಪಾಯಿತು ಅವರಿಗೆ, ಹಂಗಾರೆ ಮಗೀಗೆ ಆಕ್ಕೈತೆ, ಬರೋ ವಾರ ಬಂದು ಒಯ್ತೀನಿ, ಅಂದರು. ಆ ವಾರ ಇವತ್ತು. ಉಚ್ಚಂಗೆಪ್ಪ ಆಗಲೇ ಹೇಳಿದ್ದಾನೆ, ರೂಪಶ್ರೀಗೆ ಎಲ್ಲ ಅಳಿಸಿ ಹೊಸದರಂಗೆ ಮಾಡ್ಕೊಡ್ತೀನಿ, ಆಟ ಬೇಕಂದ್ರೆ ಪೆನ್‌ಡ್ರೈವಿಗೆ ಹಾಕ್ತೀನಿ ಅತ್ಗೇ, ಬೇರೆ ಕಂಪ್ಯೂಟ್ರನಾಗೆ ಇದಕ್ಕಿಂತ ಚೆನ್ನಾಗಿ ಓಡ್ತೈತೆ. ಚೆನ್ನಾಗಿ. ಚೆನ್ನಾಗಿ ಓಡುವುದು ನನಗೆ ಯಾಕೆ ಬೇಡ ಅಂತ ನನಗೇ ಸರಿಯಾಗಿ ತಿಳಿಯುತ್ತಿಲ್ಲ, ನಾಲ್ಕು ವರ್ಷ ಈ ಮನೆಯಲ್ಲಿ ನಾನು ಕೇಳಿದ್ದು ತಪ್ಪು ಹಾಡು, ಅದು ತಪ್ಪು ಅಂತ ಆ ದಿನ ಗೊತ್ತಾಯಿತು, ತಪ್ಪು ಹೋಯಿತು, ಸರಿ ಬಂತು, ಸರಿಯಾದದ್ದು ನನಗೆ ಗುರುತಿಲ್ಲ.

ಭತ್ತ ಕೊಯ್ಯುವ ಮಷೀನು ಅವನದು, ಸುಗ್ಗಿಯಲ್ಲಿ ಮನೆಗೆ ಬರುವುದೇ ಇಲ್ಲ, ಸುಗ್ಗಿ ಮುಗಿದರೆ ಈ ಕುರ್ಚಿ ಬಿಟ್ಟು ಏಳುವುದೇ ಇಲ್ಲ, ಸ್ಟೇರಿಂಗ್ ಹಿಡಿದು ಹಿಡಿದು ಗಡುಸಾದ ಬೆರಳು ಕೀಲಿಯ ಮೇಲೆ, ಹಾಡು ನಡುಮನೆಯಲ್ಲಿ, ಅತ್ತೆ ಅಡುಗೆಮನೆಯಲ್ಲಿ ಬಡಿಯುವ ರೊಟ್ಟಿ, ನಾನು ಬೇಯಿಸುವವಳು, ಮದುವೆಯಾದ ಹೊಸದರಲ್ಲಿ ಇದೇನು ಇವನ ಹಾಡು ಬ್ಯಾಟರಿ ಹೋದ ರೇಡಿಯೋದ ಹಾಗೆ ಅಂದುಕೊಂಡಿದ್ದೆ, ಸ್ವರ ಇಳಿಯುವುದಿಲ್ಲ, ನಡಿಗೆ ಮಾತ್ರ ಜಗ್ಗುತ್ತದೆ. ಒಂದು ಸಲ ಉಚ್ಚಂಗೆಪ್ಪ ಬಂದು ನೋಡಿ ಬೈದಿದ್ದ, ಇದೇ ಕುರ್ಚಿಯ ಹಿಂದೆ ನಿಂತು, ನಾನು ಚಹಾ ಹಿಡಿದುಕೊಂಡು ನಿಂತಿದ್ದೆ — ಲೋ ಶರಣಾ, ಇದ್ರಾಗೆ ಇರೋದು ಎರಡು ಕೋರು, ನಾಲ್ಕು ಥ್ರೆಡ್ ಅಂತ ತೋರಿಸ್ತೈತೆ ಅಷ್ಟೇ, ಒಂದೊಂದು ಕೋರು ಎರಡೆರಡು ಕೆಲ್ಸ ಹಂಚ್ಕಂಡು ಮಾಡ್ತೈತೆ, ನೀನು ಚಿತ್ರ ಬಿಡಿಸಾಕೆ ಇಷ್ಟು ಥ್ರೆಡ್ ಹಾಕಿದೀಯಲ್ಲ, ಯಾರ್ ಹೇಳಿದ್ರೋ ನಿಂಗೆ? ಜಾಸ್ತಿ ಹಾಕಿದ್ರೆ ಜೋರು ಓಡ್ತೈತೆ ಅಂತ ಹಾಕಿದೆ, ಅಂದ ಶರಣು. ಹಂಗಾರೆ ನಿಮ್ಮನೇಲಿ ಇರೋದು ಎರಡು ಒಲಿ, ರೊಟ್ಟಿ ಬಡಿಯಾಕೆ ಊರ ಹೆಂಗಸ್ರನ್ನೆಲ್ಲ ಕುಂದ್ರಿಸು, ಬಡಿದೋರು ಬಡೀತಾನೆ ಇರ್ತಾರೆ, ಹಂಚು ಖಾಲಿ ಆಗ್ಲಿ ಅಂತ ಕಾಯ್ತಾ ಇರ್ತಾರೆ, ಒಬ್ರ ಮೊಣಕೈ ಒಬ್ರಿಗೆ ತಾಗ್ತೈತೆ, ಆಟ ನಡೆಸೋ ಥ್ರೆಡ್ಡೇ ಜಾಗ ಸಿಗ್ದೆ ಆಚೆ ನಿಂತೈತೆ, ನೋಡು ಪಾಪ ಆ ಮುದುಕ ಕಾಲೆತ್ಕಂಡು ನಿಂತಾನೆ, ಹೊಳೆ ನೀರು ಬಿಡಿಸೋದು ಮುಗಿಯೋ ತನಕ ಇಡಂಗಿಲ್ಲ. ಶರಣು ನಕ್ಕ, ನಕ್ಕರೆ ಅವನ ಎಡಗೆನ್ನೆ ಮಾತ್ರ ಮೇಲೆ ಹೋಗುತ್ತಿತ್ತು, ಇರ್ಲಿ ಬಿಡಲೇ, ಅವ ಕಾಲೆತ್ತಿದ್ದಾಗ ನಾನು ನೆಗೀತೀನಿ, ನಂಗೆ ಹಿಂಗೇ ರೂಢಿ ಆಗೈತೆ, ನೀನು ಜೋರು ಮಾಡಿದ್ರೆ ನಾನು ಹೊಳಿಗೆ ಬೀಳ್ತೀನಿ. ಹೊಳಿಗೆ ಬೀಳ್ತೀನಿ ಅಂದಾಗ ನನ್ನ ಕಡೆ ನೋಡಿದ, ಚಹಾ ಕೊಡು ಅನ್ನುವುದಕ್ಕೆ ನೋಡಿದ್ದೋ, ಬೇರೆ ಯಾವುದಕ್ಕೋ.

ಈಗ ಆ ಸೆಟ್ಟಿಂಗ್ ತೆರೆದಿದ್ದೇನೆ. ಮಲ್ಟಿಥ್ರೆಡಿಂಗ್, ಪಕ್ಕದಲ್ಲಿ ಸಣ್ಣ ಚೌಕ, ಟಿಕ್ಕು ಇದೆ, ಕೆಳಗೆ ಚಿತ್ರ ಬಿಡಿಸುವ ಥ್ರೆಡ್ ಎಷ್ಟು ಅಂತ ಒಂದು ಖಾನೆ, ಉಚ್ಚಂಗೆಪ್ಪ ಒಂದು ಅಂತ ಮಾಡಿದ್ದಾನೆ. ನಾನು ಓದಿದ್ದು ಎಂ.ಎಸ್ಸಿ. ಭೌತಶಾಸ್ತ್ರ, ದಾವಣಗೆರೆಯಲ್ಲಿ, ಲ್ಯಾಬಿನ ಮೇಡಂ ಹೇಳುತ್ತಿದ್ದರು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದು ಹಾಗೇ ಇರಬೇಕು, ಆಗ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತದೆ — ಉಳಿದದ್ದು ಹಾಗೇ ಇರಬೇಕಂತೆ. ಟಿಕ್ಕು ತೆಗೆದೆ. ಗಂಟಿನಪ್ಪನನ್ನು ಸೇತುವೆಯ ಈಚೆಗೆ ಕರೆಸಿದೆ, ಶರಣು ಉಳಿಸಿಟ್ಟ ಜಾಗ, ಉಳಿಸುವ ಕೀಲಿ ಬೇರೆ ಕರೆಸುವ ಕೀಲಿ ಬೇರೆ, ತಪ್ಪಿ ಉಳಿಸುವುದನ್ನು ಒತ್ತಿದರೆ ಅವನು ಬಿಟ್ಟ ಜಾಗ ಹೋಗಿ ನನ್ನ ಜಾಗ ಕೂರುತ್ತದೆ. ಈಗ ಎಲ್ಲ ಕೆಲಸ ಒಬ್ಬನ ಮೇಲೆ, ಆಡಿಸುವುದೂ ಅವನೇ ಬಿಡಿಸುವುದೂ ಅವನೇ, ಹಾಡು ಕುಸಿಯಿತು, ಬಹಳ ಕುಸಿಯಿತು, ಎತ್ತಿನ ಗಾಡಿ ಮರಳಲ್ಲಿ ಹೂತ ಹಾಗೆ, ಗಂಟಿನಪ್ಪ ಮುಳ್ಳು ತುಳಿದವನಂತೆ ನಡೆಯುತ್ತಾನೆ, ಎಲ್ಲ ಕಡೆ ಒಂದೇ ನಿಧಾನ, ಇದಲ್ಲ. ಮತ್ತೆ ಟಿಕ್ಕು. ಖಾನೆಯಲ್ಲಿ ಎರಡು. ಬಹಳ ಜೋರು, ಅತ್ತೆ ಬಡಿಯುವುದು ನಿಲ್ಲಿಸಿ ಯವ್ವಾ ಅಂದರು. ಮೂರು, ಕೊಂಚ ತಡವರಿಸಿತು. ಐದು. ಜಗ್ಗಿತು, ಆದರೆ ಕರಕರ ಅನ್ನುವ ಸದ್ದು, ಅವನ ಹಾಡಿನಲ್ಲಿ ಕರಕರ ಇರಲಿಲ್ಲ, ಇತ್ತೇ? ಇರಲಿಲ್ಲ. ಇದ್ದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ, ಒಗ್ಗರಣೆ ಹಾಕುವಾಗ ಕೇಳಿದ್ದರೆ ಒಗ್ಗರಣೆಯದು ಅಂದುಕೊಂಡಿರುತ್ತಿದ್ದೆ, ಮಿಕ್ಸಿ ಇತ್ತು, ಅತ್ತೆಯ ಮಾತಿತ್ತು, ಗೋಡೆಯಾಚೆಯಿಂದ ಕೇಳಿದ ಹಾಡು, ಎದುರು ಕುಂತು ಒಂದು ದಿನವೂ ಕೇಳಿದವಳಲ್ಲ.

ಫೋನು. ಉಚ್ಚಂಗೆಪ್ಪ ಎತ್ತಿದ, ಹಿಂದೆ ಅಂಗಡಿಯ ಗದ್ದಲ, ಪ್ರಿಂಟರಿನ ಸದ್ದು. ಮೊದಲು ಹೆಂಗಿತ್ತೋ ಹಂಗೆ ಮಾಡಬೇಕು, ಎಷ್ಟು ಥ್ರೆಡ್ ಇತ್ತು, ಅಂತ ಕೇಳಿದೆ. ಈಗ ಸರಿ ಓಡ್ತೈತಲ್ಲ ಅತ್ಗೇ, ಮತ್ಯಾಕೆ ಕೆಡಿಸ್ತೀರಿ, ಅಂದ. ಕೆಡಿಸಬೇಕು, ಅಂದೆ. ಅವನ ದನಿ ಬೇರೆಯಾಯಿತು, ಎಷ್ಟಿತ್ತೋ ನೆನಪಿಲ್ಲ ಅತ್ಗೇ, ಜಾಸ್ತಿನೇ ಇತ್ತು, ಮೂರಕ್ಕಿಂತ ಮೇಲೆ ಯಾವುದಿದ್ರೂ ದಂಡ ಅಂತ ನಾನು ನೋಡ್ಲೇ ಇಲ್ಲ, ನಿಧಾನ ಬೇಕಂದ್ರೆ ಅಲ್ಲೇ ವೇಗದ ಮಿತಿ ಅಂತ ಐತೆ ನೋಡ್ರಿ, ನೂರು ಇರೋದನ್ನ ಎಪ್ಪತ್ತೈದು ಮಾಡ್ರಿ, ಆಗೋಯ್ತು. ಆಗೋಯ್ತು ಅಂತ ಫೋನು ಇಟ್ಟ. ಮಾಡಿದೆ. ನಿಧಾನವಾಯಿತು. ನಿಜವಾಗಿ ನಿಧಾನ, ಕರಕರ ಇಲ್ಲ, ನುಣ್ಣಗೆ — ಒಂದು ನಿಮಿಷ ಇದೇ ಅಂತ ಅನ್ನಿಸಿತು, ಉಸಿರು ಬಿಟ್ಟೆ, ಗಂಟಿನಪ್ಪ ಬಯಲಲ್ಲಿ ನಿಧಾನ, ಸೇತುವೆಯ ಮೇಲೆ ನಿಧಾನ, ನೀರಿನ ಹತ್ತಿರ ಅಷ್ಟೇ ನಿಧಾನ, ಅಳೆದು ಇಟ್ಟ ಹೆಜ್ಜೆ, ಕಾಲು ಎತ್ತಿದ ಇಟ್ಟ ಎತ್ತಿದ ಇಟ್ಟ, ಎಲ್ಲೂ ನಿಲ್ಲಲಿಲ್ಲ. ಇದು ಯಾರೋ ಹೇಳಿದ್ದಕ್ಕೆ ನಿಧಾನ ನಡೆಯುವವನ ನಡಿಗೆ. ಶರಣುವಿನ ಗಂಟಿನಪ್ಪ ಬಯಲಲ್ಲಿ ಸರಿಯಾಗೇ ನಡೆಯುತ್ತಿದ್ದ, ನೀರು ಬಂದಲ್ಲಿ, ಬಿಡಿಸುವುದು ಬಹಳ ಇದ್ದಲ್ಲಿ, ತಡೆದು ನಿಲ್ಲುತ್ತಿದ್ದ, ಹಾಡು ಅವನ ಜೊತೆಗೆ ನಿಲ್ಲುತ್ತಿತ್ತು, ನಿಂತಲ್ಲೇ ಸ್ವಲ್ಪ ಹೊತ್ತು ಜೋತು ಆಮೇಲೆ ಮುಂದಕ್ಕೆ, ಆ ಜೋತಾಟ — ಅದಕ್ಕೆ ನೂರು ಎಪ್ಪತ್ತೈದು ಅಂತ ಇಲ್ಲ. ಮಿತಿಯನ್ನು ವಾಪಸ್ ನೂರಕ್ಕೆ ತಂದೆ. ತಂದದ್ದು ನೆನಪಿದೆಯೇ, ತಂದೆನೇ, ನೋಡಿದೆ, ನೂರು ಇದೆ.

ಅಯ್ಯನವರ ಫೋನು, ಅತ್ತೆಯ ಫೋನಿಗೆ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ, ಬಸ್ ಹತ್ತೀನಿ ಕಣವ್ವ, ಅದರ ಜೊತೆಗೆ ಒಂದು ವೈರ್ ಬರ್ತೈತಂತಲ್ಲ, ಅದನ್ನ ಮರೀಬ್ಯಾಡ ಅಂತ ನಮ್ಮ ರೂಪಶ್ರೀ ಹೇಳೈತೆ. ವೈರ್, ಚಾರ್ಜರು, ಕಾಲ ಕೆಳಗೇ ಇದೆ. ವೈರ್ ಅನ್ನುವ ಮಾತು ಈ ಮನೆಯಲ್ಲಿ ಯಾರೂ ಆಡುತ್ತಿಲ್ಲ ಈಗ, ಅಯ್ಯನವರಿಗೆ ಹೊಳೆಯಲಿಲ್ಲ, ಅತ್ತೆ ಆಯ್ತು ಅಂತ ಮಾತ್ರ ಅಂದರು. ಕೆರೆಬಿಳಚಿ ಕಡೆ ಕೊಯ್ಲು, ಸೂಳೆಕೆರೆಯ ನೀರಿನ ಗದ್ದೆ, ಬೇಸಿಗೆ ಭತ್ತ, ಮಷೀನಿನ ಕಾಳು ಸುರಿಯುವ ಕೊಳವೆ ಮೇಲೆತ್ತಿದ್ದು ಇಳಿಸದೆ ಶರಣು ತಿರುಗಿಸಿದ, ಮೇಲೆ ಕರೆಂಟಿನ ತಂತಿ, ಅಷ್ಟೇ, ಅಷ್ಟೇ ಹೇಳಿದರು, ಎಲ್ಲರೂ ಅಷ್ಟನ್ನೇ ಹೇಳಿದರು, ಗದ್ದೆಯವನು ಹೇಳಿದ, ಮಷೀನು ಆಮೇಲೂ ಓಡುತ್ತಾನೇ ಇತ್ತಮ್ಮ, ಯಾರೂ ಮುಟ್ಟಾಕೆ ಹೋಗ್ಲಿಲ್ಲ, ಡೀಸೆಲ್ ಖಾಲಿಯಾಗೋ ತನಕ ಓಡ್ತು. ನಾನು ಅಳಲಿಲ್ಲ. ಕರಿಯಕ್ಕ ಅನ್ನುವ ಪಕ್ಕದ ಮನೆಯವರು ನನ್ನ ಬೆನ್ನಿಗೆ ಗುದ್ದಿದರು, ಅಳೇ, ಅತ್ಬಿಡೇ ತಾಯಿ, ಅಂತ, ಗುದ್ದಿದ ಜಾಗ ನೋವಾಯಿತು, ಅದಕ್ಕೆ ಅಳಬಹುದಿತ್ತು. ಅದನ್ನು ಬಿಡು. ಯಾವ ನಿಧಾನ ನಾನು ಹುಡುಕುತ್ತಿರುವುದು, ಅದು ಮೊದಲು ತೀರ್ಮಾನವಾಗಬೇಕು. ಮಳೆಗಾಲದಲ್ಲಿ ಇದು ಇಷ್ಟು ಬಿಸಿಯಾಗುತ್ತಿರಲಿಲ್ಲ, ಬಿಸಿಯಾದರೆ ಪ್ರೊಸೆಸರ್ ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತದೆ, ಹಾಗಾದರೆ ಶ್ರಾವಣದ ಹಾಡು ಬೇರೆ, ಯುಗಾದಿಯ ಹಾಡು ಬೇರೆ, ಕರೆಂಟು ಹೋಗಿ ಬ್ಯಾಟರಿಯಲ್ಲಿ ಆಡಿದ್ದು ಇನ್ನೂ ಬೇರೆ, ಇಡ್ಲಿ ಪಾತ್ರೆಯ ತಟ್ಟೆ ಕೆಳಗಿಟ್ಟು ತಂಪು ಮಾಡುತ್ತಿದ್ದನಲ್ಲ, ನನ್ನ ತಟ್ಟೆ ಕೊಡು ಅಂತ ಜಗಳ, ಗಾಳಿ ಆಡ್ತೈತೆ ಕಣೇ ತೂತಿನಾಗೆ, ನಾಳೆ ಇಡ್ಲಿ ಬ್ಯಾಡ ದೋಸೆ ಹಾಕು ಅಂತ ಅವನು, ಆ ದಿನ ಎಷ್ಟು ವೇಗ ಇತ್ತು? ನಾನು ಒಂದೇ ಹಾಡು ಅಂದುಕೊಂಡದ್ದು ಎಷ್ಟು ಹಾಡು? ಇಷ್ಟು ಹೊತ್ತಿನಿಂದ ತಪ್ಪು ತಪ್ಪು ವೇಗದಲ್ಲಿ ಕೇಳಿ ಕೇಳಿ ಕಿವಿಯಲ್ಲಿ ಇದ್ದದ್ದೂ ಕದಡಿಹೋಯಿತು, ಕಣ್ಣು ಮುಚ್ಚಿ ನೆನೆಸಿಕೊಂಡರೆ ಈಗ ಎಪ್ಪತ್ತೈದರದು ಬರುತ್ತದೆ. ನಿಲ್ಲಿಸಿಬಿಡಬೇಕು. ನಿಲ್ಲಿಸಿದರೆ ಇದ್ದದ್ದಾದರೂ ಇರುತ್ತದೆ, ಇದೆಯೇ?

ಆರಿಸಿ, ಮತ್ತೆ ಹಚ್ಚಿದ — ಉಚ್ಚಂಗೆಪ್ಪ ಆ ದಿನ ಆರಿಸಿ ಮತ್ತೆ ಹಚ್ಚಿದ. ಆಟದ ಸೆಟ್ಟಿಂಗ್ ಬದಲಿಸುವುದಕ್ಕೆ ಇಡೀ ಯಂತ್ರ ಯಾಕೆ ಆರಿಸಬೇಕು? ಕೀಲಿ ಟಕಟಕ ಬಡಿದ, ಹೂವಿನ ಎಸಳು ಕೀಲಿಯ ಮೇಲೆ ಬಿದ್ದಿತ್ತು, ಊದಿ ಬಡಿದ, ನೀಲಿ ಪರದೆ ಬಂತು, ಪರದೆಯ ನೀಲಿ ಅವನ ಹಣೆಯ ವಿಭೂತಿಯ ಮೇಲೆ ಬಿತ್ತು, ಕಂಬದ ಹತ್ತಿರದಿಂದ ನಾನು ನೋಡಿದ್ದೇನೆ, ಕಾಲ ಬೆರಳನ್ನು ಮಾತ್ರ ನೋಡುತ್ತಿದ್ದೆ ಅಂದುಕೊಂಡಿದ್ದೆ, ಇದನ್ನೂ ನೋಡಿದ್ದೇನೆ. ಮತ್ತೆ ಫೋನು ಮಾಡಿದೆ. ಹೌದಲ್ಲ ಅತ್ಗೇ, ಮರ್ತೇ ಬಿಟ್ಟಿದ್ದೆ, ಬುಡದಾಗೇ ಹೈಪರ್ ಥ್ರೆಡಿಂಗ್ ಬಂದ್ ಮಾಡಿದ್ದೆ, ಎರಡು ಕೋರು ಎರಡೇ ಅಂತ ಇರ್ಲಿ, ನಾಲ್ಕು ಅಂತ ನಾಟಕ ಬ್ಯಾಡ ಅಂತ, ಈ ಆಟಕ್ಕೆ ಅದು ಮೊಣಕೈ ತಾಗಿಸ್ತಿತ್ತು, ಅಂದ. ಹೆಂಗೆ ಹೋಗೋದು ಅಲ್ಲಿಗೆ? ಹಚ್ಚಿದ ಕೂಡ್ಲೇ ಎಫ್ ಎರಡು ಬಡೀತಾ ಇರ್ರಿ. ಅತ್ಗೇ, ನಾನು ಒಳ್ಳೇದಾಗ್ಲಿ ಅಂತ, ಅಂದ. ಗೊತ್ತು ಉಚ್ಚಂಗೆಪ್ಪಾರೆ, ಅಂದೆ. ಅವ ಯಾವತ್ತೂ ನಂಗೆ ಮುಟ್ಟಾಕೆ ಬಿಡ್ತಿರ್ಲಿಲ್ಲ, ಅವತ್ತು ಸುಮ್ನಿದ್ದ ನೋಡ್ರಿ, ಅಂತ ಹೇಳಿ ನಗುವುದಕ್ಕೆ ಹೋದ, ನಗು ಬರಲಿಲ್ಲ ಅವನಿಗೆ, ಪ್ರಿಂಟರಿನ ಸದ್ದು ಮಾತ್ರ ಬಂತು. ಆರಿಸಿದೆ. ಹಚ್ಚಿದೆ. ಎಫ್ ಎರಡು ಎಫ್ ಎರಡು ಎಫ್ ಎರಡು. ನೀಲಿ. ಬಾಣದ ಕೀಲಿಯಿಂದ ಕೆಳಗೆ, ಕೆಳಗೆ, ಅಲ್ಲಿದೆ, ಬಂದ್ ಅಂತ ಇರುವುದನ್ನು ಚಾಲೂ ಮಾಡಿ ಉಳಿಸಿ ಹೊರಗೆ ಬಂದೆ, ನನ್ನ ಬೆರಳು ನನ್ನದೇ ಅಂತ ಅನ್ನಿಸಿತು, ಅಷ್ಟು ಹೊತ್ತು.

ಐದು. ಕರಕರ ಇಲ್ಲ, ಜಗ್ಗುತ್ತದೆ, ಹತ್ತಿರ ಇದೆ, ಆದರೆ ಸೇತುವೆಯ ಮೇಲೆ ನಿಲ್ಲುವುದಿಲ್ಲ, ಸರಿಯುತ್ತದೆ. ಹೊರಗೆ ಬಿಸಿಲು ಅಂಗಳದ ಅರ್ಧಕ್ಕೆ ಬಂದಿದೆ, ಬಸ್ಸು ಇಷ್ಟು ಹೊತ್ತಿಗೆ ಹೊಳೆಯ ಹತ್ತಿರ ಇರಬಹುದು. ಆರು. ಇದೂ ಆಗಬಹುದು. ಇದೇ ಅಂತ ಒಪ್ಪಿಕೊಂಡುಬಿಡಲೇ, ಯಾರು ಕೇಳುತ್ತಾರೆ, ನಾನು ಒಪ್ಪಿಕೊಂಡರೆ ಅದೇ ಆಗುತ್ತದೆ, ನೋಡಿದ ಹುಡುಗನನ್ನು ಒಪ್ಪಿಕೊಂಡ ಹಾಗೆ, ಉಚ್ಚಂಗೆಪ್ಪ ಫೋಟೋ ತೋರಿಸಿ ಒಳ್ಳೇ ಹುಡುಗ ಅತ್ಗೇ ಅಂದಿದ್ದ, ಆಗಲೇ ಅತ್ಗೇ ಅಂದಿದ್ದ, ಮದುವೆಗೆ ಮೊದಲೇ, ನಾನು ಬಿದ್ದು ಬಿದ್ದು ನಕ್ಕಿದ್ದೆ. ಏಳು. ಗಂಟಿನಪ್ಪ ಬಯಲು ದಾಟಿದ, ಸರಿಯಾದ ನಡಿಗೆ, ನೀರು ಕಾಣಿಸಿತು, ಹಾಡು ತಡೆಯಿತು, ಜೋತಿತು, ಬಿಟ್ಟಿತು — ನನಗೆ ಗೊತ್ತಾಗುತ್ತಿಲ್ಲ. ಇದೇ ಇರಬೇಕು, ಇದೇ ಅಂತ ಕಿವಿ ಹೇಳುತ್ತಿಲ್ಲ, ಕಿವಿ ಏನೂ ಹೇಳುತ್ತಿಲ್ಲ, ಇಷ್ಟು ಮಾಡಿ ಸಿಕ್ಕಿದರೂ ಗುರುತು ಹತ್ತದಿದ್ದರೆ ಸಿಕ್ಕಿದ್ದು ಏನು, ಮತ್ತೆ ಈಚೆ ದಡಕ್ಕೆ ಕರೆಸಿದೆ, ಮತ್ತೆ ನಡೆಸಿದೆ, ನೀರು, ತಡೆ, ಜೋತಾಟ, ಬಿಡು. ನೀರು, ತಡೆ. ಆಗ ಕೇಳಿದ್ದು ಹಾಡಲ್ಲ. ಅಡುಗೆಮನೆಯ ಬಡಿತ. ಬೆಳಗಿನಿಂದ ಅಡ್ಡಾದಿಡ್ಡಿ ಬೀಳುತ್ತಿದ್ದ ಅತ್ತೆಯ ಕೈ, ತಟ್ ತಟ್ ತಟ್, ಹಾಡು ಜೋತಲ್ಲಿ ಮಣೆಯ ಮೇಲೆ ರೊಟ್ಟಿ ತಿರುಗುತ್ತದೆ, ಹಾಡು ಬಿಟ್ಟಲ್ಲಿ ಮತ್ತೆ ಕೈ, ತಟ್ ತಟ್ ತಟ್, ತಿರುಗುತ್ತದೆ, ಅತ್ತೆಗೆ ಗೊತ್ತಿಲ್ಲ, ಅತ್ತೆ ಬಡಿಯುತ್ತಿದ್ದಾರೆ ಅಷ್ಟೇ, ಏನೋ ಗುನುಗುತ್ತಿದ್ದಾರೆ, ಕೈಗೆ ಗೊತ್ತಿದೆ, ಫೋನು ಎಲ್ಲಿ, ಇದನ್ನು ಹಿಡಿದಿಟ್ಟುಕೊಳ್ಳಬೇಕು, ಫೋನು ಮಂಚದ ಮೇಲಿದೆ, ಕೀಲಿಯ ಮೇಲಿನ ಬೆರಳು ತೆಗೆದರೆ ಗಂಟಿನಪ್ಪ ನಿಲ್ಲುತ್ತಾನೆ, ತೆಗೆಯಲಾರೆ, ನಡಿ, ನಡಿ ಮಾರಾಯ, ಸೇತುವೆಯ ನಡುವಿಗೆ ಬಂದ, ಕೆಳಗೆ ನೀರು, ಬಿಡಿಸುವುದು ಬಹಳ ಇದೆ, ಅಡುಗೆಮನೆಯಿಂದ ಅತ್ತೆ ದೊಡ್ಡ ದನಿಯಲ್ಲಿ — ಲೋ ಶರಣಾ, ರೊಟ್ಟಿ ಆರ್ತಾವೆ, ಅದನ್ನ ಅಲ್ಲಿಗೆ ಬಿಟ್ಟು ಬಾರೋ.

ಬಡಿತ ಇಲ್ಲ. ಹಂಚಿನ ಮೇಲೆ ಒಂದು ರೊಟ್ಟಿ ಸೀಯುವ ವಾಸನೆ, ಯಾರೂ ತೆಗೆಯುತ್ತಿಲ್ಲ, ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಾರೆ, ಎರಡೂ ಕೈಗೆ ಹಿಟ್ಟು, ನನ್ನ ಕಡೆ ನೋಡುತ್ತಿಲ್ಲ, ಕುರ್ಚಿಯ ಕಡೆ, ಕುರ್ಚಿಯಲ್ಲಿ ನಾನಿದ್ದೇನೆ, ನಾನು ಏನಾದರೂ ಹೇಳಬೇಕು, ಬಂದೆ ಅನ್ನಬೇಕೋ, ಬೆರಳು ಒತ್ತಿಕೊಂಡೇ ಇದೆ, ಗಂಟಿನಪ್ಪ ಸೇತುವೆಯ ನಡುವೆ, ಒಂದು ಕಾಲು ಎತ್ತಿದ್ದಾನೆ, ಹಾಡು ಜೋತುಬಿದ್ದಿದೆ, ಇನ್ನೇನು ಇಡುತ್ತಾನೆ, ನೀರು ಬಿಡಿಸಿ ಮುಗಿದರೆ ಇಡುತ್ತಾನೆ, ಕಾಲು ಎತ್ತಿದ್ದಾನೆ, ಕಾಲು